ಒಂದು ಪುಟದ ಫ್ಯಾಕ್ಸಿಗೆ ವರ್ಷದ ಚಂದಾ ಏಕೆ?

ಬೆಂಗಳೂರಿನಲ್ಲಿ ಕುಳಿತೇ ಅಮೆರಿಕದ ಡೆಲಾವೇರ್ ರಾಜ್ಯದಲ್ಲಿ ಎಲ್‌ಎಲ್‌ಸಿ (ಸೀಮಿತ ಹೊಣೆಯ) ಕಂಪನಿ ತೆರೆಯಬಹುದು. ಆದರೆ ಅದಕ್ಕೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಇಐಎನ್, ಅಂದರೆ ಕಂಪನಿಯ ತೆರಿಗೆ ಗುರುತಿನ ನಂಬರು ಪಡೆಯುವಾಗ ಗಾಡಿ ನಿಲ್ಲುತ್ತದೆ. ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ನಂಬರಾಗಲಿ, ಅದಿಲ್ಲದ ವ್ಯಕ್ತಿಗಳಿಗೆ ಕೊಡುವ ತೆರಿಗೆ ನಂಬರು ಐಟಿಐಎನ್ ಆಗಲಿ ಇಲ್ಲದವರು ಆನ್‌ಲೈನ್ ಅರ್ಜಿ ಹಾಕುವಂತಿಲ್ಲ. ಉಳಿದದ್ದು ಫೋನ್, ಅಂಚೆ ಅಥವಾ ಫ್ಯಾಕ್ಸ್. ಕಳಿಸಬೇಕಾದದ್ದು ಎಸ್‌ಎಸ್-4 ಎಂಬ ಒಂದೇ ಪುಟದ ಫಾರಂ. ಅದಕ್ಕಾಗಿ ಇಂಟರ್ನೆಟ್ ಫ್ಯಾಕ್ಸ್ ಸೇವೆಯೊಂದಕ್ಕೆ ವರ್ಷದ ಚಂದಾ ಕಟ್ಟಿಬಿಡುವವರು ಬಹಳ.

ಕಳಿಸುವುದು ಅಗ್ಗ, ದುಡ್ಡು ಹೋಗುವುದು ಪಡೆಯುವುದಕ್ಕೆ. ಫ್ಯಾಕ್ಸ್‌ಜೀರೋದಂಥ ಸೇವೆ ಅಮೆರಿಕ, ಕೆನಡಾಗಳಿಗೆ ಮುಖಪುಟದ ಜೊತೆ 3 ಪುಟ ಪುಕ್ಕಟೆಯಾಗಿ ಕಳಿಸುತ್ತದೆ. ಮುಖಪುಟದ ಮೇಲೆ ಅವರ ಜಾಹೀರಾತು ಇರುತ್ತದೆ, ಅಷ್ಟೆ. ಆದರೆ ಐಆರ್‌ಎಸ್ ಉತ್ತರ ಫ್ಯಾಕ್ಸಿನಲ್ಲೇ ಬರಬೇಕೆಂದರೆ ನಿಮ್ಮದೇ ಒಂದು ಫ್ಯಾಕ್ಸ್ ನಂಬರು ಬೇಕು. ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆಗೆ ಸಿಗುತ್ತದೆ. ಇಲಾಖೆ ಹೇಳುವುದು 4 ಕೆಲಸದ ದಿನ. ವಿದೇಶದ ಅರ್ಜಿಗಳಿಗೆ ವಾರಗಳೇ ಹಿಡಿಯುವುದುಂಟು. ಹಾಗಾಗಿ ತಿಂಗಳ ಯೋಜನೆಯನ್ನೇ ಹಿಡಿದು, ಬೇಕಾದರೆ ಇನ್ನೊಂದು ತಿಂಗಳು ಮುಂದುವರಿಸುವುದು ಲೇಸು. ಚಂದಾ ನಿಲ್ಲಿಸಿದರೆ ಆ ನಂಬರು ಬೇರೆಯವರ ಪಾಲಾಗಬಹುದು ಎಂಬುದು ನೆನಪಿರಲಿ.

ಸೇರುವ ಮೊದಲು ಷರತ್ತುಗಳಲ್ಲಿ ಎರಡು ವಿಷಯ ಹುಡುಕಿ. ಪ್ರಯೋಗದ ಅವಧಿ ಮುಗಿದ ಮೇಲೆ ಕಾರ್ಡಿನಿಂದ ತಾನಾಗಿಯೇ ಹಣ ಕಡಿತವಾಗುತ್ತದೆಯೇ, ನಿಲ್ಲಿಸಲು ಬಟನ್ ಇದೆಯೇ ಅಥವಾ ಅಮೆರಿಕಕ್ಕೆ ಫೋನ್ ಮಾಡಬೇಕೆ? ಇದು ಮೊದಲನೆಯದು. ಎರಡನೆಯದು ಪುಟದ ಲೆಕ್ಕ. ಕೆಲವು ಕಂಪನಿಗಳಲ್ಲಿ 60 ಸೆಕೆಂಡಿನ ರವಾನೆಗೆ ಒಂದು ಪುಟ. ಫ್ಯಾಕ್ಸ್ ಯಂತ್ರ ಪುಟವನ್ನು ಬಿಳಿ-ಕಪ್ಪು ಚುಕ್ಕೆಗಳ ಸಾಲಾಗಿ ಓದಿ, ಒಂದೇ ಬಣ್ಣದ ಉದ್ದನೆಯ ಓಟವನ್ನು ಕುಗ್ಗಿಸಿ ಕಳಿಸುತ್ತದೆ. ಖಾಲಿ ಜಾಗ ಕ್ಷಣದಲ್ಲಿ ದಾಟುತ್ತದೆ. ಮೊಬೈಲಿನಲ್ಲಿ ತೆಗೆದ ಬೂದು ನೆರಳಿನ ಫೋಟೊ ಮಾತ್ರ ಲಕ್ಷ ಚುಕ್ಕೆಗಳಾಗಿ ಒಡೆದು ಕುಗ್ಗುವುದೇ ಇಲ್ಲ. ಒಂದು ಪುಟಕ್ಕೆ ಎರಡು ಮೂರು ಪುಟದ ಬಿಲ್ ಬೀಳುವುದು ಹೀಗೆ.

ಆದ್ದರಿಂದ ಚಿತ್ರವನ್ನು ನಿಮ್ಮ ಕಂಪ್ಯೂಟರಿನಲ್ಲೇ ಸ್ವಚ್ಛ ಮಾಡಿ. ಮೊದಲು ಫಾರಂನ ಪಿಡಿಎಫ್ ಅನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡಿ ತುಂಬಿ, ಮುದ್ರಿಸಿ, ಕಪ್ಪು ಜೆಲ್ ಪೆನ್ನಿನಲ್ಲಿ ಸಹಿ ಹಾಕಿ. ತಿಳಿನೀಲಿ ಶಾಯಿ ಕಪ್ಪು-ಬಿಳುಪಿಗೆ ತಿರುಗುವಾಗ ಮಾಯವಾಗುತ್ತದೆ. ಬಳಿಕ ಉಚಿತವಾಗಿ ಸಿಗುವ ನ್ಯಾಪ್ಸ್2 ತಂತ್ರಾಂಶದಲ್ಲಿ 'ಬ್ಲಾಕ್ ಅಂಡ್ ವೈಟ್' ಆರಿಸಿ, 200 ಡಿಪಿಐನಲ್ಲಿ (ಇಂಚಿಗೆ 200 ಚುಕ್ಕೆ) ಸ್ಕ್ಯಾನ್ ಮಾಡಿ. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲ್ ಚಿತ್ರವನ್ನೇ ಅದರೊಳಗೆ ತಂದು, ಅಂಚು ಕತ್ತರಿಸಿ, ಕಪ್ಪು-ಬಿಳುಪು ಮಾಡಬಹುದು. ಪುಟಗಳನ್ನು ಎಳೆದು ಕ್ರಮ ಬದಲಿಸಿ ಒಂದೇ ಪಿಡಿಎಫ್ ಆಗಿ ಉಳಿಸುವುದೂ ಅಲ್ಲೇ ಆಗುತ್ತದೆ. ಕಾಗದಪತ್ರಗಳನ್ನು ಯಾವುದೋ ಪಿಡಿಎಫ್ ಜೋಡಿಸುವ ಜಾಲತಾಣಕ್ಕೆ ಏರಿಸುವ ಅಗತ್ಯವೇ ಇಲ್ಲ.

ಸೇವೆಯ ಸೆಟ್ಟಿಂಗ್‌ನಲ್ಲಿ 'ಫೈನ್' ಇದ್ದರೆ ಅದನ್ನೇ ಆರಿಸಿ. ಸಾಮಾನ್ಯ ಫ್ಯಾಕ್ಸಿನಲ್ಲಿ ಮೇಲಿನಿಂದ ಕೆಳಕ್ಕೆ ಇಂಚಿಗೆ 98 ಗೆರೆ ಮಾತ್ರ. 8 ಪಾಯಿಂಟ್ ಗಾತ್ರದ ಅಕ್ಷರದ ಪಾಲಿಗೆ ಹೆಚ್ಚೆಂದರೆ 11 ಗೆರೆ ಬೀಳುತ್ತದೆ, ಇಂಗ್ಲಿಷ್ ಅಂಕಿಗಳಲ್ಲಿ 3 ಯಾವುದು, 8 ಯಾವುದು ತಿಳಿಯದು. ಫೈನ್‌ನಲ್ಲಿ ಗೆರೆಗಳು 196. ಸಮಯ ಸ್ವಲ್ಪ ಹೆಚ್ಚು ಹಿಡಿದರೂ ಪರವಾಗಿಲ್ಲ.

ವಿಂಡೋಸ್‌ನಲ್ಲೇ 'ಫ್ಯಾಕ್ಸ್ ಅಂಡ್ ಸ್ಕ್ಯಾನ್' ಇದೆಯಲ್ಲ ಎನ್ನಬಹುದು. ಅದರಲ್ಲಿ ಫ್ಯಾಕ್ಸ್ ಕಳಿಸಲು ಫ್ಯಾಕ್ಸ್ ಮೋಡೆಮ್ಮೂ ದೂರವಾಣಿ ತಂತಿಯೂ ಬೇಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದು ಸ್ಕ್ಯಾನಿಗಷ್ಟೇ ಉಪಯೋಗ.

ಇನ್ನು ಕಳಿಸುವುದು. ಅಮೆರಿಕದ ಒಳಗಿನಿಂದ ಕಳಿಸಲು ಒಂದು ನಂಬರು, ಹೊರಗಿನಿಂದ ಕಳಿಸಲು ಇನ್ನೊಂದು ಇದೆ. ಎರಡನ್ನೂ ಐಆರ್‌ಎಸ್ ತಾಣದಲ್ಲೇ ನೋಡಿಕೊಳ್ಳಿ, ಯಾರೋ ಬರೆದಿಟ್ಟ ಹಳೆಯ ಪಟ್ಟಿ ನಂಬಬೇಡಿ. ದೇಶವನ್ನು ಪಟ್ಟಿಯಿಂದ ಆರಿಸಿದ ಮೇಲೆ 10 ಅಂಕಿ ಮಾತ್ರ ಬರೆಯಿರಿ. ಮುಂದೆ 00 ಅಥವಾ 1 ಸೇರಿಸಿದರೆ ಕರೆ ತಪ್ಪಬಹುದು. ಮುಖಪುಟದಲ್ಲಿ ಉತ್ತರದ ಫ್ಯಾಕ್ಸ್ ನಂಬರನ್ನು ದಪ್ಪಕ್ಷರದಲ್ಲಿ ಕಾಣಿಸಿ. ಇಲಾಖೆಯ ಯಂತ್ರ 24 ಗಂಟೆಯೂ ಫ್ಯಾಕ್ಸ್ ಪಡೆಯುತ್ತದೆ. ನಮ್ಮ ಮಧ್ಯಾಹ್ನ ಕಳಿಸಿದರೆ ಅಲ್ಲಿ ನಡುರಾತ್ರಿ, ಲೈನ್ ಬಿಡುವಿರುವ ಸಾಧ್ಯತೆ ಹೆಚ್ಚು.

'ಬಿಜಿ' ಅಥವಾ 'ನೋ ಆನ್ಸರ್' ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ. ನಡುವೆಯೇ ಸಂಪರ್ಕ ಕಡಿದ ಸಂದೇಶ ಬಂದರೆ ಇಂಟರ್ನೆಟ್ ಮೇಲೆ ಸಾಗುವ ಧ್ವನಿ ಸಂಕೇತ ತೊದಲಿದೆ ಎಂದುಕೊಳ್ಳಬಹುದು, ಆಗಲೂ ಮರುಪ್ರಯತ್ನವೇ ಮದ್ದು. ಆದರೆ ಯಶಸ್ಸಿನ ವರದಿ ಬಂದ ಮೇಲೆ, 'ಇರಲಿ' ಎಂದು ಅದೇ ಫಾರಂ ಅನ್ನು ಇನ್ನೊಮ್ಮೆ ಫ್ಯಾಕ್ಸ್ ಮಾಡುವುದು, ಅಂಚೆಯಲ್ಲೂ ಹಾಕುವುದು ಬೇಡ. ಒಂದೇ ಕಂಪನಿಗೆ ಎರಡು ಇಐಎನ್ ಬಂದು ತಲೆನೋವಾದೀತು. ದಿನಾಂಕ, ಗಂಟೆ, ಪುಟಸಂಖ್ಯೆ ಇರುವ ಆ ವರದಿಯನ್ನೂ ಬಂದ ಉತ್ತರವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡ ನಂತರವೇ ಚಂದಾ ನಿಲ್ಲಿಸಿ. ಖಾತೆ ಮುಚ್ಚಿದ ಮೇಲೆ ಅದರೊಳಗಿನ ಕಾಗದಗಳು ಮತ್ತೆ ಕೈಗೆ ಸಿಗುತ್ತವೆಂಬ ಖಾತ್ರಿಯಿಲ್ಲ.