ಎರಡು ವೈರಸ್ ಇರುವ ದೇಹದಲ್ಲಿ ಮೆಮೊರಿ ಟಿ ಸೆಲ್: ಇಂಥ ಪೇಪರ್ ಓದುವುದು ಹೇಗೆ

ಮೆಮೊರಿ ಟಿ ಸೆಲ್ ಅಂದರೆ ಹಳೆಯ ಸೋಂಕನ್ನು ನೆನಪಿಟ್ಟುಕೊಳ್ಳುವ ರೋಗನಿರೋಧಕ ಜೀವಕೋಶ. ದೇಹದಲ್ಲಿ ಇನ್ನೊಂದು ವೈರಸ್ ಬೀಡುಬಿಟ್ಟಿರುವಾಗ ಅದರ ಗತಿ ಏನು ಅಂತ ನೋಡುವ ಪೇಪರ್ ಕೈಗೆ ಬಂದರೆ, ಅಬ್‌ಸ್ಟ್ರಾಕ್ಟ್ (ಸಾರಾಂಶ) ಆಮೇಲೆ ಓದಿ. ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇವರು ಅಳೆದಿರುವ ಟಿ ಸೆಲ್ ಯಾವ ವೈರಸ್ಸಿನದು? ದೇಹದಲ್ಲಿ ಬೀಡುಬಿಟ್ಟ ವೈರಸ್ಸನ್ನೇ ಗುರುತಿಸುವ ಸೆಲ್ಲಾ, ಅಥವಾ ಯಾವಾಗಲೋ ಬಂದು ಹೋದ ಫ್ಲೂ ಥರದ ಸೋಂಕಿನ ನೆನಪು ಹೊತ್ತು ಪಕ್ಕದಲ್ಲಿ ಇರುವ ಸೆಲ್ಲಾ? ಎರಡರ ಪಾಡೂ ಬೇರೆ. ಉತ್ತರ ಬೇಕಾದರೆ ಮೆಥಡ್ಸ್ ಭಾಗದಲ್ಲಿ ‘ಟೆಟ್ರಾಮರ್’ ಅಂತ ಹುಡುಕಿ; ಒಂದು ನಿರ್ದಿಷ್ಟ ವೈರಸ್ಸನ್ನು ಗುರುತಿಸುವ ಟಿ ಸೆಲ್‌ಗೆ ಮಾತ್ರ ಅಂಟಿ ಅದನ್ನು ತೋರಿಸಿಕೊಡುವ ವಸ್ತು ಅದು. ಅದಿಲ್ಲದೆ ಒಟ್ಟು ಸಿಡಿ8 ಸೆಲ್‌ಗಳ (ಸೋಂಕಿತ ಕೋಶಗಳನ್ನು ಕೊಲ್ಲುವ ಟಿ ಸೆಲ್‌ಗಳ) ಶೇಕಡಾವಾರು ಮಾತ್ರ ಕೊಟ್ಟಿದ್ದರೆ ಜಾಸ್ತಿ ನಂಬಬೇಡಿ.

ಇಲಿಗಳ ಮೇಲೆ ಮಾಡಿದ ಕೆಲಸವಾದರೆ ಎಲ್‌ಸಿಎಂವಿ ವೈರಸ್ಸಿನ (ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಇಲಿ ವೈರಸ್) ಯಾವ ತಳಿ ಅಂತ ನೋಡಿ. ಆರ್ಮ್‌ಸ್ಟ್ರಾಂಗ್ ತಳಿ ಸುಮಾರು ಒಂದು ವಾರದಲ್ಲಿ ಹೋಗುತ್ತದೆ, ಒಳ್ಳೆಯ ಮೆಮೊರಿ ಉಳಿಯುತ್ತದೆ. ಕ್ಲೋನ್ 13 ತಿಂಗಳುಗಟ್ಟಲೆ ಉಳಿಯುತ್ತದೆ, ಅದನ್ನು ಎದುರಿಸುವ ಸೆಲ್‌ಗಳು ದಣಿಯುತ್ತವೆ: ಸೈಟೊಕೈನ್‌ಗಳಲ್ಲಿ (ಸೆಲ್‌ಗಳು ಸಂಕೇತವಾಗಿ ಬಿಡುವ ಪ್ರೋಟೀನ್‌ಗಳು) ಮೊದಲು ಐಎಲ್-2 ಮಾಡುವುದನ್ನು ನಿಲ್ಲಿಸುತ್ತವೆ, ಆಮೇಲೆ ಟಿಎನ್‌ಎಫ್, ತೀರಾ ಕೊನೆಗೆ ಇಂಟರ್‌ಫೆರಾನ್ ಗ್ಯಾಮಾ. ಸೆಲ್ ಮೇಲೆ ಬ್ರೇಕಿನಂತೆ ಕೆಲಸ ಮಾಡುವ ಪಿಡಿ-1 ಪ್ರೋಟೀನಿನ ದಾರಿಯನ್ನು ತಡೆದರೆ ಇವುಗಳಿಗೆ ಸ್ವಲ್ಪ ಜೀವ ಬರುತ್ತದೆ ಅಂತ 2006ರಲ್ಲಿ ತೋರಿಸಿದ್ದರು.

ಆದರೆ ಪಿಡಿ-1 ಕಂಡ ಕೂಡಲೇ ‘ದಣಿದಿದೆ’ ಅನ್ನಬೇಡಿ. ಆಗಷ್ಟೇ ಎಚ್ಚೆತ್ತ ಸೆಲ್ ಮೇಲೂ ಅದು ಇರುತ್ತದೆ. ಸೋಂಕಾಗಿ ಎಷ್ಟನೇ ದಿನಕ್ಕೆ ಅಳೆದರು, ದಣಿವಿನ ಜೊತೆ ಕಾಣುವ ಟಾಕ್ಸ್ ಪ್ರೋಟೀನ್ ನೋಡಿದ್ದಾರಾ, ಪೆಪ್ಟೈಡ್ (ವೈರಸ್ ಪ್ರೋಟೀನಿನ ತುಣುಕು) ಕೊಟ್ಟಾಗ ಸೆಲ್ ಸೈಟೊಕೈನ್ ಬಿಟ್ಟಿತಾ ಅನ್ನುವುದನ್ನೂ ಸೇರಿಸಿ ಓದಿದರೆ ಮಾತ್ರ ಅರ್ಥ ಸಿಗುತ್ತದೆ.

ಪಕ್ಕದಲ್ಲಿರುವ ಸೆಲ್‌ಗೆ ಬೇರೆ ಗುರುತು ಬೇಕು. 2014ರಲ್ಲಿ ಟಿ ಸೆಲ್ ಸಂಶೋಧಕ ಜಾನ್ ವೆರಿ ತಂಡದ ಕೆಲಸ ಇಮ್ಯುನಿಟಿ ಪತ್ರಿಕೆಯಲ್ಲಿ ಬಂತು. ಸಂಬಂಧವೇ ಇಲ್ಲದ ಇನ್ನೊಂದು ಸೋಂಕು ದೇಹದಲ್ಲಿ ಎಳೆಯುತ್ತಿದ್ದರೆ, ಆ ವೈರಸ್ಸನ್ನು ಗುರುತಿಸಲೂ ಬಾರದ ಸೆಲ್‌ಗಳು ಸಹ ಸರಿಯಾದ ಮೆಮೊರಿಯಾಗಿ ಮಾಗುವುದಿಲ್ಲ ಅಂತ ಅವರು ಕಂಡರು. ಇಲ್ಲಿ ತೊಂದರೆ ಕೊಡುವುದು ಆಂಟಿಜೆನ್ (ಟಿ ಸೆಲ್ ಗುರುತಿಸುವ ವೈರಸ್ ತುಣುಕು) ಅಲ್ಲ, ಸುತ್ತ ಆರದೆ ಇರುವ ಉರಿಯೂತ. ಹಾಗಾಗಿ ಸಿಡಿ127 ಗ್ರಾಫ್ ಹುಡುಕಿ. ಸಿಡಿ127 ಅಂದರೆ ಬದುಕುಳಿಯಲು ಸಂಕೇತ ಕೊಡುವ ಐಎಲ್-7 ಸೈಟೊಕೈನನ್ನು ಹಿಡಿಯುವ, ಸೆಲ್ ಮೇಲಿನ ಕೈ. ಆಂಟಿಜೆನ್ ಇಲ್ಲದೆ ವರ್ಷಗಟ್ಟಲೆ ಬದುಕಲು ಮೆಮೊರಿ ಸೆಲ್‌ಗೆ ಅದು ಬೇಕೇ ಬೇಕು. ಸಿಡಿ127 ಕಡಿಮೆ, ಕೆಎಲ್‌ಆರ್‌ಜಿ1 (ಸೆಲ್ ಮೇಲಿನ ಇನ್ನೊಂದು ಗುರುತು) ಜಾಸ್ತಿ ಅಂದರೆ ಸಾಮಾನ್ಯವಾಗಿ ಅಲ್ಪಾಯುಷಿ ಸೆಲ್. ಯಾವ ಸೋಂಕು ಮೊದಲು ಬಂತು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಮಾಗುತ್ತಿರುವ ಮೆಮೊರಿಗೆ ಬೀಳುವ ಏಟು, ಆಗಲೇ ಮಾಗಿದ್ದಕ್ಕೆ ಅಷ್ಟೇ ಬೀಳುತ್ತದೆ ಅಂದುಕೊಳ್ಳಬೇಡಿ.

ಮನುಷ್ಯರ ವಿಷಯಕ್ಕೆ ಬಂದರೆ ಸೈಟೊಮೆಗಲೊವೈರಸ್ (ಹರ್ಪಿಸ್ ಗುಂಪಿನ, ಸಾಮಾನ್ಯವಾಗಿ ಸದ್ದಿಲ್ಲದೆ ಇರುವ ವೈರಸ್) ಲೆಕ್ಕ ಕೆಡಿಸುತ್ತದೆ. ಅದೂ ಜೀವನಪರ್ಯಂತ ಇರುತ್ತದೆ, ಆದರೆ ಅದರ ಟಿ ಸೆಲ್‌ಗಳು ದಣಿಯುವ ಬದಲು ವಯಸ್ಸಾದಂತೆ ಹೆಚ್ಚುತ್ತಾ ಹೋಗುತ್ತವೆ! ಹಾಗಾಗಿ ಎಚ್‌ಐವಿ ಇರುವವರ ಮೆಮೊರಿ ಸೆಲ್ ಅಂತ ಎಣಿಸಿದ್ದರಲ್ಲಿ ಒಂದು ಪಾಲು ಈ ವೈರಸ್ಸಿನದೇ ಆಗಿರಬಹುದು. ನಮ್ಮ ದೇಶದಲ್ಲಿ ದೊಡ್ಡವರಾಗುವಷ್ಟರಲ್ಲಿ ಬಹುತೇಕ ಎಲ್ಲರಿಗೂ ಅದು ತಗುಲಿರುತ್ತದೆ, ಅದಿಲ್ಲದ ಹೋಲಿಕೆ ಗುಂಪು ಎಲ್ಲಿಂದ ತರುತ್ತಾರೆ, ಅಲ್ವಾ? ಎಚ್‌ಐವಿ ಮಾತ್ರೆ ಎಷ್ಟು ಕಾಲದಿಂದ ನಡೆಯುತ್ತಿದೆ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಎಷ್ಟು ಅಂತ ಮೊದಲ ಕೋಷ್ಟಕದಲ್ಲೇ ಇರಬೇಕು.

ಇನ್ನೆರಡು ಚಿಕ್ಕ ವಿಷಯ. ರಕ್ತ ಮಾತ್ರ ನೋಡಿದ್ದರೆ ಚರ್ಮ, ಶ್ವಾಸಕೋಶ, ಕರುಳಿನಲ್ಲೇ ನೆಲೆಸಿರುವ ಮೆಮೊರಿ ಸೆಲ್‌ಗಳು ಲೆಕ್ಕಕ್ಕೇ ಸಿಕ್ಕಿರುವುದಿಲ್ಲ. ಇನ್ನು ಇಲಿಗಳ ಪೇಪರಿನಲ್ಲಿ ಅದೇ ಸೋಂಕನ್ನು ಮತ್ತೆ ಕೊಟ್ಟು ಸೆಲ್ ಹೇಗೆ ಎದ್ದು ನಿಂತಿತು ಅಂತ ತೋರಿಸುವ ಚಿತ್ರ ಇಲ್ಲದಿದ್ದರೆ, ಶೀರ್ಷಿಕೆಯ ‘ಮೆಮೊರಿ’ಯನ್ನು ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ.