ಪಟ್ಟಾಯದ ಸಂಜೆ: ಸಸ್ಯಾಹಾರಿ ಮನೆಯವರು ಓಡಾಡುವುದು ಹೇಗೆ

ಥಾಯ್ಲೆಂಡ್‌ನ ಪಟ್ಟಾಯ ಅಂದರೆ ಹುಡುಗರ ಗುಂಪು ಹೋಗುವ ಊರು ಅಂತಲೇ ನಮ್ಮ ಕಡೆ ಮಾತು. ನಾನು ಹೋಗಿದ್ದು ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ನಮ್ಮ ಅತ್ತೆಯವರ ಜೊತೆ. ಅವರಿಗೂ ಊರು ಹಿಡಿಸಿತು. ಹಾಗಾಗಿ ಮನೆಮಂದಿಯನ್ನು ಕರೆದುಕೊಂಡು ಹೋಗುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಓಡಾಟ. ಬೀಚ್ ರೋಡ್‌ನಲ್ಲಿ ಗಾಡಿಗಳು ದಕ್ಷಿಣಕ್ಕೆ ಹೋಗುತ್ತವೆ, ಹಿಂದಿನ ಸೆಕೆಂಡ್ ರೋಡ್‌ನಲ್ಲಿ ಉತ್ತರಕ್ಕೆ ಬರುತ್ತವೆ. ಹಿಂದೆ ಎರಡು ಬೆಂಚು ಇರುವ ಕಡುನೀಲಿ ಸೊಂಗ್‌ಥೇವ್‌ಗಳು, ಅಂದರೆ ಶೇರ್ ಟ್ಯಾಕ್ಸಿಗಳು, ಇದೇ ದಾರಿಯಲ್ಲಿ ಸುತ್ತುತ್ತಿರುತ್ತವೆ. ಜನ ಕೂತಿರುವ ಗಾಡಿಗೆ ಕೈ ಅಡ್ಡ ಹಿಡಿದು ಸುಮ್ನೆ ಹತ್ತಿ. ಇಳಿಯುವಾಗ ಬೆಲ್ ಒತ್ತಿ, ಡ್ರೈವರ್ ಕೈಗೆ ಚಿಲ್ಲರೆ ಕೊಡಿ. ಹತ್ತುವ ಮೊದಲೇ ‘ಎಷ್ಟು’ ಅಂತ ಕೇಳಿದರೆ ಇಡೀ ಗಾಡಿ ಬಾಡಿಗೆಗೆ ಬೇಕು ಅಂದುಕೊಳ್ಳುತ್ತಾರೆ, ದರ ಎಷ್ಟೋ ಪಟ್ಟು ಏರುತ್ತದೆ.

ಊಟದ ಚಿಂತೆಯೇ ದೊಡ್ಡದು, ಅಲ್ವಾ? ಇಂಡಿಯನ್ ಹೋಟೆಲ್‌ಗಳು ಬೇಕಾದಷ್ಟಿವೆ. ಆದರೆ ಅಷ್ಟು ದೂರ ಹೋಗಿ ಬರೀ ಪನೀರ್ ತಿಂದು ಬರಬೇಡಿ. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ ಬರೆದ ಬೋರ್ಡ್ ಹುಡುಕಿ. ನಮ್ಮ ಕಣ್ಣಿಗೆ ಅದು 17 ಬರೆದಂತೆ ಕಾಣುತ್ತದೆ. ಅದು ‘ಜೇ’ ಊಟ. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಅತ್ತೆಯವರು ಅಲ್ಲಿ ತೋಫು, ಸೊಪ್ಪಿನ ಪಲ್ಯ, ಅನ್ನ ನಿಶ್ಚಿಂತೆಯಿಂದ ತಿಂದರು. ಬೇರೆ ಕಡೆ ತಿನ್ನುವಾಗ ಮೀನಿನ ಸಾಸ್ ಬಗ್ಗೆ ಎಚ್ಚರ ಇರಲಿ. ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲೂ ಅದು ಇರುತ್ತದೆ. ‘ಮೈ ಸೈ ನಮ್ ಪ್ಲಾ’ ಅಂದರೆ ಅದನ್ನು ಬಿಟ್ಟು ಮಾಡುತ್ತಾರೆ. ಪಪ್ಪಾಯಿ ಸಲಾಡ್ ಸೊಮ್ ತಮ್‌ಗೆ ಒಣ ಸಿಗಡಿಯನ್ನೂ ಕುಟ್ಟಿ ಹಾಕುತ್ತಾರೆ, ಅದನ್ನೂ ಕೇಳಿಕೊಳ್ಳಿ. ತೆಂಗಿನಹಾಲು ಸುರಿದ ಅಂಟು ಅನ್ನ, ಮಾವಿನ ಹಣ್ಣು ಮಾತ್ರ ತಪ್ಪಿಸಲೇಬೇಡಿ.

ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಬೇಕಾದರೆ ಉತ್ತರ ಪಟ್ಟಾಯದ ಟರ್ಮಿನಲ್ 21 ಮಾಲ್‌ನ ಫುಡ್ ಕೋರ್ಟ್‌ಗೆ ಹೋಗಿ. ಕೌಂಟರ್‌ನಲ್ಲಿ ಕಾರ್ಡ್‌ಗೆ ದುಡ್ಡು ಹಾಕಿಸಿ, ಉಳಿದದ್ದನ್ನು ವಾಪಸ್ ಪಡೆಯಿರಿ. ಪ್ಯಾರಿಸ್, ಲಂಡನ್, ಟೋಕಿಯೊ ಅಂತ ಒಂದೊಂದು ಮಹಡಿಗೆ ಒಂದೊಂದು ಊರಿನ ಅಲಂಕಾರ ಇದೆ. ಮಕ್ಕಳಿಗೆ ಖುಷಿ. ಬಟ್ಟೆ, ಚಪ್ಪಲಿಗೆ ನನ್ನ ಮತ ತೆಪ್ರಸಿತ್ ರೋಡ್‌ನ ವಾರಾಂತ್ಯದ ರಾತ್ರಿ ಸಂತೆಗೆ. ಚೌಕಾಸಿ ಮಾಡಿ, ಆದರೆ ನಗುತ್ತಾ ಮಾಡಿ. ಅಲ್ಲಿ ದನಿ ಏರಿಸಿದರೆ ವ್ಯಾಪಾರ ಮುರಿಯುತ್ತದೆ. ಮಾಲ್‌ನಲ್ಲಿ ಒಂದೇ ಅಂಗಡಿಯಲ್ಲಿ ಒಂದೇ ದಿನ ಖರೀದಿ 2,000 ಬಾತ್ (ಥಾಯ್ ಹಣ) ದಾಟಿದರೆ ಪಾಸ್‌ಪೋರ್ಟ್ ತೋರಿಸಿ ತೆರಿಗೆ ವಾಪಸಾತಿಯ ಫಾರಂ ಕೇಳಿ. ಎಲ್ಲ ಅಂಗಡಿಯಲ್ಲೂ ಈ ಸೌಲಭ್ಯ ಇರುವುದಿಲ್ಲ, ಬೋರ್ಡ್ ನೋಡಿ.

ರಾತ್ರಿಗೆ ಟಿಫನೀಸ್ ಅಥವಾ ಅಲ್ಕಜಾರ್ ಶೋ ನೋಡಿ. ಟಿಫನೀಸ್ 1974ರಿಂದ ನಡೆಯುತ್ತಿದೆ. ಟ್ರಾನ್ಸ್‌ಜೆಂಡರ್ ಕಲಾವಿದರ ಹಾಡು, ಕುಣಿತ, ಉಡುಪು ಎಲ್ಲವೂ ಸೊಗಸು, ಹಿರಿಯರ ಜೊತೆ ಕೂತು ನೋಡಬಹುದು. ಆಮೇಲೆ ಹೊರಗೆ ಅವರ ಜೊತೆ ಫೋಟೊ ತೆಗೆಸಿಕೊಂಡರೆ ಟಿಪ್ಸ್ ಕೊಡುವುದು ರೂಢಿ. ಅದು ಅವರ ದುಡಿಮೆ, ಸಂತೋಷದಿಂದ ಕೊಡಿ.

ಬೀಚ್ ರೋಡ್‌ನ ದಕ್ಷಿಣದ ತುದಿಯಲ್ಲಿ ವಾಕಿಂಗ್ ಸ್ಟ್ರೀಟ್. ಸಂಜೆಯ ಮೇಲೆ ವಾಹನ ಬಿಡುವುದಿಲ್ಲ. ದೀಪಗಳನ್ನು ನೋಡುತ್ತಾ ಒಂದು ಸುತ್ತು ಹಾಕಿ. ಕಾರ್ಡ್ ಹಿಡಿದು ಮಹಡಿ ಮೇಲಿನ ಶೋಗೆ ಕರೆಯುವವರ ಹಿಂದೆ ಮಾತ್ರ ಹೋಗಬೇಡಿ, ಹೊರಬರುವಾಗ ಬಿಲ್ಲು ಬೇರೆಯೇ ಆಗಿರಬಹುದು. ಬಾರ್‌ನಲ್ಲಿ ಕೂತರೆ ಪ್ರತಿ ಆರ್ಡರ್‌ನ ಚೀಟಿಯನ್ನು ನಿಮ್ಮ ಮುಂದಿನ ಲೋಟದಲ್ಲಿ ಇಡುತ್ತಾರೆ, ಆಗಾಗ ನೋಡಿಕೊಳ್ಳಿ. ಮೇಲೆ ತೂಗುವ ಗಂಟೆಯನ್ನು ಬಾರಿಸಿದರೆ ಅಲ್ಲಿ ಕೂತವರಿಗೆಲ್ಲ ನೀವೇ ಕುಡಿಸಬೇಕು!

ತಡರಾತ್ರಿ ವಾಪಸಾಗಲು ಬೋಲ್ಟ್ ಅಥವಾ ಗ್ರ್ಯಾಬ್ ಆ್ಯಪ್‌ನಲ್ಲಿ ಗಾಡಿ ಬುಕ್ ಮಾಡಿ. ಖಾಲಿ ಸೊಂಗ್‌ಥೇವ್ ಹಿಡಿಯುವುದಾದರೆ ಆಗ ಮಾತ್ರ ದರ ಮಾತಾಡಿಕೊಂಡೇ ಹತ್ತಿ.