ಸ ಕಲೋಬ್ರಾ ಏರಿನಲ್ಲಿ ಸೈಕಲ್ ಗೇರು ಕೈಕೊಟ್ಟಾಗ

ಸ್ಪೇನಿನ ಮಯೋರ್ಕಾ ದ್ವೀಪದ ಸ ಕಲೋಬ್ರಾ ರಸ್ತೆಯ ತಮಾಷೆಯೇ ಅದು: ಮೊದಲು ಕಡಲತನಕ ಇಳಿಯಬೇಕು, ಆಮೇಲೆ ಅದೇ ದಾರಿಯಲ್ಲಿ ಸುಮಾರು 9.5 ಕಿ.ಮೀ. ಹತ್ತಬೇಕು. ಸರಾಸರಿ ಏರು ಶೇ 7. ಗುಂಪಿನವರೆಲ್ಲ ಮುಂದೆ ಹೋದರು. ನನ್ನ ಬಾಡಿಗೆ ಸೈಕಲ್ಲಿನ ಚೈನು ಮಾತ್ರ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಏರಲೊಲ್ಲದು. ಕಟಕಟ ಸದ್ದು, ಅಷ್ಟೇ.

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗವೇ ಡಿರೇಲರ್; ಅದು ಎಷ್ಟು ದೂರ ಸರಿಯಬಹುದೆಂದು ಮಿತಿ ಹಾಕುವ ಲಿಮಿಟ್ ಸ್ಕ್ರೂ ಮುಟ್ಟಲಿಲ್ಲ. ಆ ಸ್ಕ್ರೂ ಅಂದಾಜಿನ ಮೇಲೆ ತಿರುಗಿಸಿದರೆ ಚೈನು ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳಬಹುದು, ಇಳಿಜಾರಿನ ಊರಲ್ಲಿ ಆ ಸಾಹಸ ಬೇಡ. ಡಿರೇಲರ್ ಬಗ್ಗಿರಲಿಲ್ಲ, ಅದನ್ನು ಎಳೆಯುವ ಕೇಬಲ್ ಸಡಿಲವಾಗಿತ್ತು. ಕೇಬಲ್ ಡಿರೇಲರ್ ಸೇರುವಲ್ಲಿರುವ, ಅದರ ಬಿಗಿ ಹೊಂದಿಸುವ ಬ್ಯಾರಲ್ ಅಡ್ಜಸ್ಟರನ್ನು, ಹಿಂದಿನಿಂದ ನೋಡುತ್ತಾ, ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿದೆ. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿ ನೋಡಿ, ಇನ್ನೊಂದು ಕಾಲು ಸುತ್ತು. ಚೈನು ಏರಿ ಕೂತಿತು. ಸ್ಪ್ಯಾನರ್ ಬೇಕಿಲ್ಲ, ಬೆರಳೇ ಸಾಕು. ಆದರೆ ಚೈನು ಸಣ್ಣ ಹಲ್ಲುಚಕ್ರಕ್ಕೂ ಸಲೀಸಾಗಿ ಇಳಿಯುತ್ತದೆಯೇ ಅಂತ ನೋಡಿಕೊಂಡೇ ಹೊರಡಿ.